ಅರ್ಧ ಬಟ್ಟಲಿನ ಮರ್ಯಾದೆ

ಇದು ನಡೆದ ಕತೆ. ನಂಬದವರು ಓಶ್ ನಗರದ ಆಸ್ಪತ್ರೆಯೊಂದರ ಎರಡನೇ ಮಹಡಿಗೆ ಹೋಗಿ, ಕೊನೆಯ ಕೋಣೆಯ ಮೇಜಿನ ಮೇಲಿರುವ ಚಹಾದ ಕಲೆಯನ್ನೇ ಕೇಳಬಹುದು. ಮನುಷ್ಯರು ಸುಳ್ಳು ಹೇಳಿಯಾರು, ಕಲೆ ಹೇಳುವುದಿಲ್ಲ. ಸುಳ್ಳು ಹೇಳುವುದೂ ಒಂದು ಕಲೆಯೇ, ಆದರೆ ಅದು ಬೇರೆ ಕಲೆ.

ಓಯ್ನಿಸಾ ಆ ಊರಿನ ಪೇಟೆಯಲ್ಲಿ ಚಾಯ್‌ಖಾನೆ ನಡೆಸುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ಅವನು ಕೂರುತ್ತಿದ್ದ ಜಾಗದಲ್ಲಿ, ಚಹಾದ ನೀರು ಕಾಯುವ ಸಮೋವರಿನ ಮುಂದೆ, ಹೂವಿನ ರುಮಾಲು ಕಟ್ಟಿಕೊಂಡು ತಾನೇ ಕೂತಳು. ಗಡ್ಡದವರೆಲ್ಲ ಸೇರುವ ಜಾಗದಲ್ಲಿ ಹೆಂಗಸೊಬ್ಬಳು ಚಹಾ ಸುರಿಯುವುದೇ ಎಂದು ಪೇಟೆಯವರು ಮೂಗು ಮುರಿದರು. ಆದರೆ ಅದೇ ಮೂಗಿಗೆ ಅವಳ ಹಸಿರು ಚಹಾದ ಘಮ ತಾಗಿದ್ದೇ ಬಾಯಿ ಮುಚ್ಚಿಕೊಂಡು ಸಾಲಾಗಿ ಕೂತರು. ಅವಳು ಚಹಾ ಕೊಡುವಾಗ ಮಾತನ್ನೂ ಕೊಡುತ್ತಿದ್ದಳು. ಯಾರ ದನಿ ಕೇಳಿದರೂ ಮರುಗಳಿಗೆ ಅದನ್ನು ಅವರಿಗೇ ತಿರುಗಿ ಬಡಿಸುತ್ತಿದ್ದಳು. ಎದ್ದು ಹೋದರೆ ಬೆನ್ನ ಹಿಂದೆ ಅಣಕಿಸುತ್ತಾಳೆಂಬ ಹೆದರಿಕೆಗೇ ಕೆಲವರು ಸಂಜೆಯವರೆಗೂ ಕೂತಿರುತ್ತಿದ್ದರು.

ಅವಳು ಮಾತಿಲ್ಲದೆಯೂ ಮಾತಾಡಬಲ್ಲಳು. ಓಶ್‌ನಲ್ಲಿ ಮರ್ಯಾದೆಯ ಅಳತೆ ಅರ್ಧ ಬಟ್ಟಲು. ಅರ್ಧ ಸುರಿದರೆ, ಇನ್ನೂ ಕೂತಿರಿ, ಬಿಸಿಬಿಸಿಯಾಗಿ ಮತ್ತೆ ಮತ್ತೆ ಕೊಡುತ್ತೇನೆ ಎಂದರ್ಥ. ತುಂಬ ಸುರಿದರೆ, ಕುಡಿದು ಜಾಗ ಖಾಲಿ ಮಾಡಿ ಎಂದರ್ಥ. ಒಮ್ಮೆ ಮೀಸೆ ತಿರುವುತ್ತ ಬಂದು ಗಲಾಟೆ ಎಬ್ಬಿಸಿದ್ದ ಅಧಿಕಾರಿಯೊಬ್ಬನ ಮುಂದೆ ಓಯ್ನಿಸಾ ತುಟಿ ಬಿಚ್ಚದೆ ತುಂಬಿದ ಬಟ್ಟಲು ಇಟ್ಟಿದ್ದಳು. ಅವನು ಮೀಸೆ ಬಿಟ್ಟು ಟೋಪಿ ಹಿಡಿದುಕೊಂಡು ಹೊರಟುಹೋಗಿದ್ದ.

ಅಂಥವಳಿಗೆ ಒಂದು ಬೆಳಿಗ್ಗೆ, ಬಟ್ಟಲು ನೀಡುತ್ತಿರುವಾಗಲೇ, ಬಲಗೈ ಕೈಕೊಟ್ಟಿತು. ಬಟ್ಟಲು ನೆಲಕ್ಕೆ ಬಿತ್ತು, ಹಿಂದೆಯೇ ಅವಳೂ ಬಿದ್ದಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಾಯಿ ಒಂದು ಕಡೆಗೆ ಜಾರಿತ್ತು. ನಾಲಿಗೆಯೇನೋ ಬೇಗ ದಾರಿಗೆ ಬಂತು, ಅದಕ್ಕೆ ಮೊದಲಿನಿಂದಲೂ ಅಭ್ಯಾಸ ಹೆಚ್ಚು. ಕಾಲೂ ನಿಧಾನವಾಗಿ ನೆಲ ಹಿಡಿಯಿತು. ಕೈ ಮಾತ್ರ ಹೆಸರಿಗೆ ಬಲಗೈ, ಬಲವೆಲ್ಲ ಎಡಕ್ಕೆ ವರ್ಗವಾದಂತಿತ್ತು.

"ಎಡಗೈ ಚೆನ್ನಾಗಿದ್ಯಲ್ಲ, ಅದ್ರಲ್ಲೇ ಸುರಿದ್ರಾಯ್ತು" ಎಂದು ಪಕ್ಕದ ಹಾಸಿಗೆಯವಳು ಸಮಾಧಾನ ಹೇಳಿದಳು.

"ಎಡಗೈಲಿ ಕೊಟ್ರೆ ನಮ್ಮ ಅಂಗಡಿ ಬೆಕ್ಕೂ ಮುಖ ತಿರುಗಿಸ್ಕೊಂಡು ಹೋಗತ್ತೆ" ಎಂದಳು ಓಯ್ನಿಸಾ. "ಬಲಗೈಲಿ ಬಟ್ಟಲು, ಎಡಗೈ ಎದೆ ಮೇಲೆ. ಅವೆರಡೂ ಜಾಗ ಬದಲಾಯಿಸಿದ್ರೆ ಅದು ಚಹಾ ಅಲ್ಲ, ಬೈಗುಳ."

ಇಂಥ ಹೊತ್ತಿನಲ್ಲಿ ಅವಳನ್ನು ಬುರುಲ್ಚಾಳ ಕೋಣೆಗೆ ಕಳಿಸಿದರು. ಬಾಗಿಲ ಮೇಲಿನ ಫಲಕದಲ್ಲಿ 'ಹಿರಿಯ ತಜ್ಞ ಆಕ್ಯುಪೇಷನಲ್ ಥೆರಪಿಸ್ಟ್' ಎಂದಿತ್ತು. ಓಯ್ನಿಸಾ ಅದನ್ನು ಅಕ್ಷರಕ್ಕೊಂದು ಉಸಿರು ಎಳೆದುಕೊಂಡು ಓದಿ, "ಆಕೆಯೂ ಪೇಷಂಟಾ? ಹಾಗಾದ್ರೆ ನನ್ನನ್ನ ನೋಡೋರು ಯಾರು?" ಎಂದು ಕೇಳಿದಳು. ವಾರ್ಡಿನವರಿಗೂ ಆ ಹೆಸರು ಬಾಯಿಗೆ ಹಿಡಿಯುತ್ತಿರಲಿಲ್ಲ. ಅವರು ಬುರುಲ್ಚಾಳನ್ನು ಕೆಲಸದ ಡಾಕ್ಟರಮ್ಮ ಎನ್ನುತ್ತಿದ್ದರು. ಬೇರೆ ಡಾಕ್ಟರುಗಳು ಎಲ್ಲಿ ನೋವು ಎಂದು ಕೇಳಿದರೆ ಈಕೆ ಮೊದಲು ಕೇಳುವ ಮಾತು, ಮನೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು.

ಅವಳ ಕೋಣೆಯೂ ಆಸ್ಪತ್ರೆಯಂತಿರಲಿಲ್ಲ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಹಾಸಿಗೆ, ಗೋಡೆಗೆ ನಾನಾ ಬಗೆಯ ಚಿಲಕ, ಗುಂಡಿ ಬಿಚ್ಚಿ ನೇತುಹಾಕಿದ ಅಂಗಿಗಳು. ಸೊಂಟ ಮುರಿದ ಅಜ್ಜಿಯೊಬ್ಬಳು ಅಲ್ಲಿ ಕೂತು ಪಲಾವಿಗೆ ಗಜ್ಜರಿ ಹೆಚ್ಚುತ್ತಿದ್ದಳು. ರೊಟ್ಟಿ ಸುಡುವವನೊಬ್ಬ ಭುಜ ಹಿಡಿದುಕೊಂಡು ಬಂದಿದ್ದಾಗ ಬುರುಲ್ಚಾ ಅವನಿಗೆ ರಬ್ಬರ್ ಚೆಂಡು ಕೊಡದೆ ಹಿಟ್ಟು ಕಲಸಿ ಕೊಟ್ಟಿದ್ದಳಂತೆ. ಅವನು ಚಿಕಿತ್ಸೆಯ ಕೋಣೆಯ ಗೋಡೆಯನ್ನೇ ತಂದೂರು ಎಂದುಕೊಂಡು ದಿನವೂ ಒಂದು ಗೇಣು ಮೇಲೆ ಮೇಲೆ ಹಿಟ್ಟು ಬಡಿದ. ದೊಡ್ಡ ಡಾಕ್ಟರು ಬಂದು, ಗೋಡೆಗೆ ಏನಾಗಿದೆ ಎಂದು ಕೇಳಿದ್ದಕ್ಕೆ ಬುರುಲ್ಚಾ, "ಚೇತರಿಸ್ಕೊಳ್ತಾ ಇದೆ ಸಾರ್" ಎಂದಿದ್ದಳು. ಆ ಮನುಷ್ಯ ಈಗ ಪೇಟೆಯಲ್ಲಿ ರೊಟ್ಟಿ ಸುಡುತ್ತಿದ್ದಾನೆ. ಗೋಡೆಯ ಮೇಲಿನ ಹಿಟ್ಟಿನ ಗುರುತನ್ನು ಬುರುಲ್ಚಾ ಬೇಕೆಂದೇ ಒರೆಸಿರಲಿಲ್ಲ. ಹೊಸದಾಗಿ ಬಂದವರಿಗೆ, ಕೆಳಗಿನ ಗುರುತು ತೋರಿಸಿ, ಇಲ್ಲಿಂದ ಶುರು ಮಾಡಿದರು ಎನ್ನುವಳು. ಬೇರೆ ಉಪದೇಶ ಮಾಡುತ್ತಿರಲಿಲ್ಲ.

ಓಯ್ನಿಸಾಳಿಗೆ ಅವಳು ಒಂದು ಚಹಾದ ಪಾತ್ರೆ, ಒಂದು ಬಟ್ಟಲು, ತಣ್ಣೀರು ಕೊಟ್ಟಳು. ಚಹಾ ಹದವಾಗಲು ಪಾತ್ರೆಯಿಂದ ಬಟ್ಟಲಿಗೆ, ಬಟ್ಟಲಿಂದ ಪಾತ್ರೆಗೆ ಮೂರು ಸಲ ತಿರುಗಿಸಿ ಹಾಕುತ್ತಾರಲ್ಲ, ಅದನ್ನೇ ಮಾಡಿ ಎಂದಳು. ಒಂಟಿಯಾಗಿದ್ದಾಗ ಕೈ ತಡವರಿಸುತ್ತ ಏನೋ ಮಾಡುತ್ತಿತ್ತು. ಆದರೆ ಒಂದು ದಿನ ವಾರ್ಡಿನ ಹೆಂಗಸರೆಲ್ಲ ನೋಡುತ್ತಿರುವಾಗ ಕೈ ನಡುಗಿ, ನೀರೆಲ್ಲ ಪಕ್ಕದವಳ ಮಡಿಲಿಗೆ ಸುರಿಯಿತು. ಯಾರೂ ನಗಲಿಲ್ಲ. ಊರನ್ನೆಲ್ಲ ನಗಿಸಿದವಳಿಗೆ, ತನ್ನನ್ನು ಕಂಡು ಜನ ನಗದೆ ಅಯ್ಯೋ ಎಂದದ್ದು ಎಷ್ಟು ಚುಚ್ಚಿತೆಂದರೆ, ಆವತ್ತಿನಿಂದ ಬಲಗೈ ಶಾಲಿನೊಳಗೆ ಸೇರಿಕೊಂಡಿತು. ಊಟ, ಜಡೆ, ಗುಂಡಿ, ಎಲ್ಲದಕ್ಕೂ ಎಡಗೈಯೇ ಮುಂದಾಯಿತು.

"ಓಯ್ನಿಸಾ ಅಕ್ಕ, ಇವತ್ತು ನಿಮ್ಮ ಬಲಗೈ ಏನು ಹೇಳ್ತಾ ಇದೆ?" ಎಂದು ಬುರುಲ್ಚಾ ದಿನವೂ ಕೇಳುವಳು. ಅವಳದು ಅಲಾಯ್ ಬೆಟ್ಟದ ಕಡೆಯ ದನಿ, ಕುರಿಮಂದೆಯ ಹಿಂದೆ ನಡೆದಷ್ಟು ನಿಧಾನ.

ಓಯ್ನಿಸಾ ಅದೇ ದನಿಯನ್ನು ಇನ್ನಷ್ಟು ಎಳೆದು, "ಬಲಗೈ... ಹೇಳ್ತಾ ಇದೆ... ಬುರುಲ್ಚಾ ತಾಯೀ... ನನ್ನನ್ನ ನನ್ನ ಪಾಡಿಗೆ ಬಿಡು ಅಂತ" ಎನ್ನುವಳು.

ಅಣಕಿಸುವುದನ್ನು ಮಾತ್ರ ಅವಳು ಬಿಟ್ಟಿರಲಿಲ್ಲ. ದೊಡ್ಡ ಡಾಕ್ಟರು ಎಂದರೆ ಅವಳಿಗೆ ಬಲು ಇಷ್ಟ. ಅವರ ಹಾಗೆ ಎರಡು ಸಲ ಕೆಮ್ಮಿ, ಮೂಗಿನ ಮೇಲಿಲ್ಲದ ಕನ್ನಡಕವನ್ನು ಬೆರಳಿಂದ ಮೇಲಕ್ಕೆ ತಳ್ಳಿ, "ಸುಧಾರಣೆ ಇದೆ, ಆದರೆ ಅವಸರ ಬೇಡ" ಎಂದರೆ ವಾರ್ಡೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಬುರುಲ್ಚಾ ಮೊದಲ ಸಲ ಇದನ್ನು ನೋಡಿದಾಗ ನಗಲಿಲ್ಲ. ಓಯ್ನಿಸಾಳ ಮುಖವನ್ನೇ ಬಿಟ್ಟು ಇನ್ನೆಲ್ಲೋ ನೋಡುತ್ತಿದ್ದಳು. ಆಮೇಲೆ, "ಇನ್ನೊಂದ್ಸಲ ಮಾಡಿ ಅಕ್ಕ" ಎಂದಳು. ಮಾಡಿದರೂ ನಗಲಿಲ್ಲ. ನಗಬೇಕಾದಲ್ಲಿ ನಗದವರನ್ನು ಕಂಡರೆ ಓಯ್ನಿಸಾಳಿಗೆ ಮೈಯೆಲ್ಲ ಉರಿ.

"ಬೆಟ್ಟದೋರಿಗೆ ಜೋಕು ಹತ್ತೋಕೆ ಹೊತ್ತಾಗತ್ತೆ ಪಾಪ. ಎತ್ತರ ಜಾಸ್ತಿ" ಎಂದಳು.

ಇಷ್ಟರಲ್ಲಿ ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಮೈದುನ ಗೈರತ್‌ನಿಗೆ ಹೇಳಿ ಕಳಿಸಿದ್ದಳು. ಅಂಗಡಿ ಇನ್ನು ನಿನ್ನದು, ಸಮೋವರಿನ ಮುಂದೆ ನೀನೇ ಕೂರು ಎಂದು. ಗೈರತ್ ಒಣಹಣ್ಣು ಮಾರುವವನು, ಸಾಧು. ಅತ್ತಿಗೆಯ ಮಾತಿಗೆ ಎದುರಾಡಿ ಗೊತ್ತಿಲ್ಲದವನು. ಶುಕ್ರವಾರ ನಮಾಜಿನ ನಂತರ ಬೀದಿಯ ಹಿರಿಯ ಮಾಮಾಜಾನ್ ಹಾಜಿಯವರನ್ನು ಕರೆದುಕೊಂಡು ಆಸ್ಪತ್ರೆಗೆ ಬರುವುದೆಂದಾಯಿತು. ಹಾಜಿಯವರು ಅಂಗೈ ಎತ್ತಿ, ನಾಲ್ಕು ಒಳ್ಳೆಯ ಮಾತಾಡಿ, ಮುಖ ಸವರಿಕೊಂಡರೆಂದರೆ ಮುಗಿಯಿತು. ಆ ಪೇಟೆಯಲ್ಲಿ ಅದಕ್ಕಿಂತ ಗಟ್ಟಿ ಸಹಿ ಇಲ್ಲ. ಆಮೇಲೆ ಬೇಡ ಎನ್ನುವ ಹಾಗೂ ಇಲ್ಲ.

"ನಿಮಗೆ ಕೊಡೋ ಮನಸ್ಸಿದ್ಯಾ ಅಕ್ಕ?" ಎಂದು ಬುರುಲ್ಚಾ ಕೇಳಿದಳು.

"ಮನಸ್ಸನ್ನ ಯಾಕೆ ಕೇಳ್ತೀಯ? ನೀನು ಕೈ ಡಾಕ್ಟರು. ಕೈಯನ್ನ ಕೇಳು."

"ಕೇಳಿದೀನಿ. ಅದು ಬೇರೇನೋ ಹೇಳ್ತಾ ಇದೆ."

"ನಿನ್ನ ಹತ್ರ ಹೇಳತ್ತೆ, ನನ್ನ ಹತ್ರ ಮಾತು ಬಿಟ್ಟಿದೆ" ಎಂದ ಓಯ್ನಿಸಾ ಕಿಟಕಿಯ ಕಡೆ ತಿರುಗಿದಳು. ಅಣಕದ ದನಿ ಬಿಟ್ಟು ತನ್ನದೇ ದನಿಯಲ್ಲಿ ಹೇಳಿದಳು, "ಅಲ್ಲಿ ಕೂತು ಜನರ ಮುಂದೆ ಚೆಲ್ಲೋದಕ್ಕಿಂತ, ಕೂರದೇ ಇರೋದು ವಾಸಿ ಕಣೇ."

ಬುರುಲ್ಚಾ ವಾದಕ್ಕೆ ಇಳಿಯಲಿಲ್ಲ. "ಸರಿ. ಅವರು ಬಂದಾಗ ನನ್ನ ಕೋಣೇಲೇ ಕೂತ್ಕೊಳ್ಳಿ. ಚಹಾ ನಾನು ಮಾಡ್ತೀನಿ" ಎಂದಳಷ್ಟೇ.

"ನೀನಾ? ನಿಮ್ಮ ಕಡೆ ಚಹಾಕ್ಕೆ ಹಾಲು ಹಾಕಿ ಉಪ್ಪು ಹಾಕಿ ಸಾರು ಮಾಡ್ಬಿಡ್ತೀರಿ."

"ಹಸಿರು ಚಹಾನೇ ಮಾಡ್ತೀನಿ. ಅಷ್ಟೂ ಬರಲ್ವಾ ನಂಗೆ?"

ಬರುವುದಿಲ್ಲ ಎಂದು ಶುಕ್ರವಾರ ಗೊತ್ತಾಯಿತು.

ಹಾಜಿಯವರು ಬಿಳಿ ಗಡ್ಡ ನೀವಿಕೊಳ್ಳುತ್ತ ಬಂದು ಕೂತರು. ಗೈರತ್ ರೊಟ್ಟಿ, ಒಣ ಜರ್ದಾಳು ಹಣ್ಣು ತಂದು ಮೇಜಿನ ಮೇಲೆ ಹರಡಿದ. ಓಯ್ನಿಸಾಳನ್ನು ಬುರುಲ್ಚಾ ಒಂದು ಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ಮಣೆ ಸರಿಸಿದಳು. ಕುಶಲ ವಿಚಾರಿಸಿದ್ದಾಯಿತು. ಗೈರತ್ ತನ್ನ ಬೂಟನ್ನೇ ನೋಡುತ್ತ ಕೂತಿದ್ದ. ಓಯ್ನಿಸಾ ಶಾಲಿನೊಳಗೆ ಕೈ ಮುದುರಿಕೊಂಡು, ಇದೊಂದು ಬೇಗ ಮುಗಿದರೆ ಸಾಕು ಎಂದುಕೊಂಡಳು.

ಆಗ ಬುರುಲ್ಚಾ ಚಹಾ ತಂದಳು. ಬಟ್ಟಲನ್ನು ಬಿಸಿನೀರಲ್ಲಿ ಗಲಬರಿಸಲಿಲ್ಲ. ಮೂರು ಸಲ ತಿರುಗಿಸಿ ಹಾಕಲಿಲ್ಲ. ಓಯ್ನಿಸಾಳ ಹುಬ್ಬು ಮೇಲೇರಿತು. ಬುರುಲ್ಚಾ ಹಿರಿಯರನ್ನು ಬಿಟ್ಟು ಮೊದಲ ಬಟ್ಟಲನ್ನು ಗೈರತ್‌ನ ಮುಂದೆ ಚಾಚಿದಳು, ಅದೂ ಎಡಗೈಯಲ್ಲಿ. ಗೈರತ್ ಆ ಕೈಯನ್ನೂ ಅತ್ತಿಗೆಯ ಮುಖವನ್ನೂ ನೋಡಿ, ತೆಗೆದುಕೊಳ್ಳಲೋ ಬೇಡವೋ ಎಂದು ಗಾಳಿಯಲ್ಲೇ ಬೆರಳಾಡಿಸಿದ.

"ಬುರುಲ್ಚಾ" ಎಂದಳು ಓಯ್ನಿಸಾ, ಹಲ್ಲು ಕಚ್ಚಿ.

"ಏನಕ್ಕ? ಸಕ್ಕರೆ ಬೇಕಿತ್ತಾ?"

ಕೇಳುತ್ತಲೇ ಅವಳು ಹಾಜಿಯವರ ಬಟ್ಟಲಿಗೆ ಸುರಿಯತೊಡಗಿದಳು. ಅರ್ಧವಾಯಿತು, ನಿಲ್ಲಿಸಲಿಲ್ಲ. ಮುಕ್ಕಾಲಾಯಿತು, ನಿಲ್ಲಿಸಲಿಲ್ಲ. "ಸಾಕು" ಎಂದಳು ಓಯ್ನಿಸಾ. "ಸಾಕು ಅಂದೆನಲ್ಲ." ಚಹಾ ಅಂಚು ಮುಟ್ಟಿ, ಅಂಚು ದಾಟಿ, ಮೇಜಿನ ಮೇಲೆ ಹರಿಯಿತು. ಈಗಲೂ ಅಲ್ಲಿರುವ ಕಲೆ ಅದೇ.

"ಹಿರಿಯರಿಗೆ ಧಾರಾಳವಾಗಿ ಕೊಡ್ಬೇಕು ಅಲ್ವಾ?" ಎಂದು ಬುರುಲ್ಚಾ ಮುಗ್ಧಳಾಗಿ ನಕ್ಕು, ಚಹಾದ ಪಾತ್ರೆಯನ್ನು ಓಯ್ನಿಸಾಳ ಬಲಕ್ಕೆ ಮೇಜಿನ ಮೇಲಿಟ್ಟಳು.

ಹಾಜಿಯವರು ತುಂಬಿದ ಬಟ್ಟಲನ್ನು ನೋಡಿದರು. ನಿಧಾನವಾಗಿ ಕೈಕೋಲಿನ ಮೇಲೆ ಭಾರ ಹಾಕಿದರು. "ಏಳಪ್ಪ ಗೈರತ್. ಇಲ್ಲಿ ನಮ್ಮ ಕೆಲಸ ಮುಗೀತು ಅನ್ಸತ್ತೆ."

ಗಂಡ ಬದುಕಿದ್ದಾಗಿನಿಂದ ದಿನವೂ ಬಂದು ಕೂರುತ್ತಿದ್ದ ಹಿರಿಯ ಜೀವ, ತನ್ನ ಕಣ್ಣೆದುರಿಗೆ, ತುಂಬಿದ ಬಟ್ಟಲು ಕಂಡು ಎದ್ದು ಹೋಗುವುದೇ? ಓಯ್ನಿಸಾಳಿಗೆ ಆಸ್ಪತ್ರೆ ಮರೆತುಹೋಯಿತು, ಗೈರತ್ ಮರೆತುಹೋದ, ಶಾಲು ಜಾರಿಬಿತ್ತು.

"ಕೂತ್ಕೊಳ್ಳಿ ಹಾಜಿಯವರೇ. ಇವಳು ಕುರಿಗೆ ನೀರು ಕುಡಿಸಿದವಳು, ಮನುಷ್ಯರಿಗೆ ಚಹಾ ಕುಡಿಸಿದವಳಲ್ಲ. ಸರಿ ಆಚೆ."

ಹಾಜಿಯವರ ಬಟ್ಟಲಿನ ಚಹಾವನ್ನು ಪಕ್ಕದಲ್ಲಿದ್ದ ಬೋಗುಣಿಯೊಂದಕ್ಕೆ ಚೆಲ್ಲಿದಳು. ಚಹಾದ ಪಾತ್ರೆಯ ಹಿಡಿ ಹಿಡಿದಳು. ಬಟ್ಟಲಿಗೆ ಸುರಿದು ಪಾತ್ರೆಗೆ ಹಾಕಿದಳು, ಮತ್ತೆ ಸುರಿದು ಮತ್ತೆ ಹಾಕಿದಳು, ಮೂರನೆಯ ಸಲ ತಿರುಗಿಸಿ ಒಂದು ಗಳಿಗೆ ಬಿಟ್ಟು, ಅರ್ಧ ಬಟ್ಟಲು ಸುರಿದು, ಎಡಗೈ ಎದೆಯ ಮೇಲಿಟ್ಟುಕೊಂಡು ನೀಡಿದಳು.

"ತಗೊಳ್ಳಿ. ತಪ್ಪು ತಿಳ್ಕೋಬೇಡಿ."

ಹಾಜಿಯವರು ತೆಗೆದುಕೊಳ್ಳಲಿಲ್ಲ. ಬಟ್ಟಲನ್ನು ನೋಡುತ್ತಲೂ ಇರಲಿಲ್ಲ. ಬಟ್ಟಲು ಹಿಡಿದಿದ್ದ ಕೈಯನ್ನು ನೋಡುತ್ತಿದ್ದರು. ಗೈರತ್‌ನ ಬಾಯಿ ಅರ್ಧ ತೆರೆದಿತ್ತು, ಅದೂ ಮರ್ಯಾದೆಯ ಅಳತೆಯೇ ಇರಬೇಕು. ಓಯ್ನಿಸಾ ಅವರ ಕಣ್ಣಿನ ಜಾಡು ಹಿಡಿದು ಕೆಳಗೆ ನೋಡಿದಳು. ಎದೆಯ ಮೇಲಿದ್ದದ್ದು ಎಡಗೈ. ಹಾಗಾದರೆ ಎದುರಿಗೆ ಚಾಚಿದ್ದದ್ದು ಯಾವುದು?

ಗೊತ್ತಾದದ್ದೇ ಕೈ ನಡುಗಿತು. ಬಟ್ಟಲಿನಲ್ಲಿ ಚಹಾ ಅತ್ತಿತ್ತ ತೂಗಾಡಿತು. ಅರ್ಧವೇ ಇದ್ದುದರಿಂದ ಅಂಚಿನವರೆಗೆ ಬಂದು ಬಂದು ಹಿಂದೆ ಹೋಯಿತು. ಆಗ ಹಾಜಿಯವರು ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡರು.

ಓಯ್ನಿಸಾ ಮೊದಲು ತನ್ನ ಕೈ ನೋಡಿಕೊಂಡಳು, ಆಮೇಲೆ ಮೇಜು ನೋಡಿದಳು. ಮೇಜು ಎಂದಿಗಿಂತ ಬಲಕ್ಕೆ ಸರಿದಿತ್ತು, ಮೊಣಕೈ ಊರಲು ಹೇಳಿ ಮಾಡಿಸಿದಷ್ಟು ಎತ್ತರಕ್ಕಿತ್ತು. ಕಾಲು ಗಟ್ಟಿಯಾಗಿ ಊರಿಕೊಳ್ಳಲು ಮಣೆ. ಚಹಾದ ಪಾತ್ರೆ ಎಂದಿನದಲ್ಲ, ಅದಕ್ಕಿಂತ ಚಿಕ್ಕದು, ತುಂಬಿರಲೂ ಇಲ್ಲ. ಅದರ ಹಿಡಿಗೆ ಉಣ್ಣೆಯ ಬಟ್ಟೆ ದಪ್ಪಗೆ ಸುತ್ತಿ ಹೊಲಿದಿತ್ತು. ಹಿಡಿ ಅವಳ ಕಡೆಗೇ ತಿರುಗಿತ್ತು. ಬೆರಳಿಟ್ಟು ನೋಡಿದಳು. ಚಹಾ ಉಗುರುಬೆಚ್ಚಗಿತ್ತು, ಮೈಮೇಲೆ ಬಿದ್ದರೂ ಸುಡದಷ್ಟು.

"ಏ ಬುರುಲ್ಚಾ" ಎಂದಳು ಮೆಲ್ಲಗೆ. "ಇದು ಚಹಾ ಅಲ್ಲ. ಬೋನು."

"ನಾನೇನು ಮಾಡಿದೆ ಅಕ್ಕ? ಚಹಾ ಸುರಿದೆ, ಅಷ್ಟೇ."

"ನಿಂಗೆ ಹೇಗೆ ಗೊತ್ತಿತ್ತು ನಾನು ಇದೇ ಕೈ ಹಾಕ್ತೀನಿ ಅಂತ?"

"ದೊಡ್ಡ ಡಾಕ್ಟರನ್ನ ಅಣಕಿಸಿ ನೋಡೋಣ."

ಓಯ್ನಿಸಾ ಎರಡು ಸಲ ಕೆಮ್ಮಿದಳು. ಕನ್ನಡಕ ತಳ್ಳಲು ಹೋದದ್ದು ಬಲಗೈ. ಈಗ ಗೊತ್ತಾಗಿಬಿಟ್ಟಿತ್ತಲ್ಲ, ಅದು ಗಲ್ಲದ ಹತ್ತಿರ ನಾಚಿಕೊಂಡು ನಿಂತಿತು. ಆಮೇಲೆ, ಇನ್ನೇನು ಮುಚ್ಚಿಡುವುದು ಎನ್ನುವ ಹಾಗೆ ಮೂಗಿನವರೆಗೆ ಹೋಯಿತು.

"ದಿನಾ ಹಾಗೇ ಮಾಡ್ತಿದ್ರಿ. ನಾನು ಅದಕ್ಕೇ ನಗಲಿಲ್ಲ" ಎಂದಳು ಬುರುಲ್ಚಾ. "ನೀವು ಬೇರೆಯೋರಾದಾಗ ಕೈಗೆ ಹೆದರಿಕೆ ಇಲ್ಲ. ನೀವು ನೀವೇ ಆದಾಗ ಅದು ಶಾಲೊಳಗೆ ಹೋಗ್ಬಿಡತ್ತೆ. ಬಲ ಅಷ್ಟೋ ಇಷ್ಟೋ ಬಂದಿದೆ, ಅದನ್ನ ಕೆಲಸಕ್ಕೆ ಕರೆಯೋರಿರಲಿಲ್ಲ. ಆಗಲೇ ಹೇಳಿದ್ರೆ ನೋಡ್ಕೊಂಡು ನೋಡ್ಕೊಂಡು ಅದನ್ನೂ ನಿಲ್ಲಿಸ್ಬಿಡ್ತಿದ್ರಿ. ನಿಮ್ಮನ್ನ ಮರೆಸೋ ಅಷ್ಟು ಸಿಟ್ಟು ಯಾವುದಕ್ಕೆ ಬರತ್ತೆ ಅಂತ ಹುಡುಕ್ತಾ ಇದ್ದೆ."

"ನಂಗೆ ಮೊದಲೇ ಹೇಳಿದ್ದಳಮ್ಮಾ ಈಯಮ್ಮ" ಎಂದರು ಹಾಜಿಯವರು, ಅರ್ಧ ಬಟ್ಟಲು ಹೀರುತ್ತ. "ಗೊತ್ತಿದ್ರೂ, ತುಂಬಿದ ಬಟ್ಟಲು ಕಂಡಾಗ ನಿಜವಾಗ್ಲೂ ಸಿಟ್ಟು ಬಂದ್ಬಿಡ್ತು."

"ಹಾಗಾದ್ರೆ ನನಗೆ ಎಡಗೈಲಿ ಕೊಟ್ಟದ್ದೂ ಚಿಕಿತ್ಸೇನಾ?" ಎಂದ ಗೈರತ್, ಇನ್ನೂ ಮುಟ್ಟದ ತನ್ನ ಬಟ್ಟಲು ನೋಡುತ್ತ.

"ನಿಮ್ದು ಒಗ್ಗರಣೆ" ಎಂದಳು ಬುರುಲ್ಚಾ.

ಹಾಜಿಯವರು ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ಎರಡೂ ಅಂಗೈ ಎತ್ತಿ ಓಯ್ನಿಸಾಳ ಕಡೆ ನೋಡಿದರು. ಬಂದ ಕೆಲಸ ಇನ್ನೂ ಬಾಕಿಯಿತ್ತು. "ಏನಂತ ಹರಸಲಿ ಹೇಳಮ್ಮ."

ಓಯ್ನಿಸಾ ಗೈರತ್‌ನನ್ನು ನೋಡಿದಳು. "ಮೈದುನಾ, ಕೊಟ್ಟ ಮಾತು ತಿರುಗಿಸ್ತೀನಿ ಅಂದ್ಕೋಬೇಡ..."

"ತಿರುಗಿಸಿ ಅತ್ತಿಗೆ, ಮೂರು ಸಲ ತಿರುಗಿಸಿ" ಎಂದುಬಿಟ್ಟ ಆ ಸಾಧು, ಹುಟ್ಟಿದಾರಭ್ಯ ಮಾಡಿದ ಒಂದೇ ಒಂದು ಹಾಸ್ಯಕ್ಕೆ ತಾನೇ ಬೆಚ್ಚಿಬಿದ್ದು. "ನಂಗೆ ನಸುಕಿಗೆ ಎದ್ದು ಸಮೋವರ್ ಹೊತ್ತಿಸೋಕೆ ಎಲ್ಲಾಗತ್ತೆ? ನಿಮ್ಮ ಮಾತು ಮೀರ್ಬಾರ್ದು ಅಂತ ಬಂದೆ."

"ಹೊತ್ತಿಸೋದು ನೀವೇ" ಎಂದು ಬುರುಲ್ಚಾ ತಡೆದಳು. ಈಗ ಅವಳ ದನಿಯಲ್ಲಿ ಆಟವಿರಲಿಲ್ಲ. "ಕೇಳಿ ಅಕ್ಕ. ಇವತ್ತು ಬಂದಿರೋದು ಒಂದು ಬಟ್ಟಲು. ಪೇಟೆಗೆಲ್ಲ ಸುರಿಯೋಕೆ ಇನ್ನೂ ಕಾಲ ಬೇಕು, ದಿನಾ ಬೆವರು ಹರಿಸ್ಬೇಕು. ನೀರು ಹೊರೋದು, ಸಮೋವರ್ ಎತ್ತೋದು ಗೈರತ್ ಮಾಡ್ಲಿ. ನಾನು ಅಂಗಡಿಗೇ ಬಂದು ನೋಡ್ತೀನಿ, ನೀವು ಕೂರೋ ಜಗಲಿ ಎಷ್ಟೆತ್ತರ, ಬಟ್ಟಲು ಎಲ್ಲಿಡ್ತೀರಿ, ಎಲ್ಲ. ಕೈ ದಣಿದ ದಿನ ನಡುಗತ್ತೆ, ಚೆಲ್ಲತ್ತೆ. ಚೆಲ್ಲಿದ್ರೆ ಒರೆಸ್ಬೇಕು, ಶಾಲೊಳಗೆ ಇಡಬಾರ್ದು."

"ಚೆಲ್ಲಿದ್ರೆ ನಗಬೇಕು" ಎಂದಳು ಓಯ್ನಿಸಾ. "ಅಯ್ಯೋ ಅಂದವ್ರಿಗೆ ತುಂಬಿದ ಬಟ್ಟಲು ಇಡ್ತೀನಿ."

ಹಾಜಿಯವರು ಹರಸಿದರು. ಸಮೋವರ್ ಆರದಿರಲಿ, ಅದರ ಮುಂದೆ ಕೂತವಳು ಏಳದಿರಲಿ ಎಂದರು. ಎಲ್ಲರೂ ಮುಖ ಸವರಿಕೊಂಡರು. ಓಯ್ನಿಸಾ ಎರಡೂ ಕೈಯಲ್ಲಿ ಸವರಿಕೊಂಡಳು. ಬಲಗೈ ಸ್ವಲ್ಪ ತಡವಾಗಿ ಬಂತು, ಆದರೆ ಬಂತು.

ಆಮೇಲೆ ಅವಳು ಇನ್ನೊಂದು ಬಟ್ಟಲು ಹತ್ತಿರ ಎಳೆದುಕೊಂಡಳು. "ಕೂತ್ಕೋ ಬುರುಲ್ಚಾ. ನಿಂಗೆ ಯಾರೂ ಕೊಡ್ಲೇ ಇಲ್ಲ."

ಬಲಗೈಯಲ್ಲೇ ಸುರಿದಳು. ಅರ್ಧವಾಯಿತು. ಗೈರತ್ ಉಸಿರು ಬಿಗಿಹಿಡಿದ. ಮುಕ್ಕಾಲಾಯಿತು. ಹಾಜಿಯವರು ಗಡ್ಡ ನೀವುವುದನ್ನು ನಿಲ್ಲಿಸಿದರು. ಅವಳು ನಾಲಿಗೆಯ ತುದಿ ಕಚ್ಚಿಕೊಂಡು, ಹನಿ ಹನಿಯಾಗಿ, ಚಹಾ ಬಟ್ಟಲಿನ ಅಂಚಿಗಿಂತ ಕೂದಲೆಳೆ ಮೇಲೆ ಉಬ್ಬಿ ನಿಲ್ಲುವವರೆಗೆ ಸುರಿದು ಪಾತ್ರೆ ಎತ್ತಿಕೊಂಡಳು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

"ಕುಡಿ. ಹೊರಡು."

ಬುರುಲ್ಚಾ ಆ ಬಟ್ಟಲನ್ನು ಬಹಳ ಹೊತ್ತು ನೋಡಿದಳು. ಅಷ್ಟು ವರ್ಷದ ಕೆಲಸದಲ್ಲಿ ಅವಳಿಗೆ ಸಿಕ್ಕ ಮರ್ಯಾದೆಗಳಲ್ಲಿ ಇಷ್ಟು ತುಂಬಿದ್ದು ಇನ್ನೊಂದಿರಲಿಲ್ಲವೇನೋ. ಕಣ್ಣೂ ಅಂಚಿನವರೆಗೆ ಬಂದು ನಿಂತಿತು. "ಡಿಸ್ಚಾರ್ಜ್ ಮಾಡೋದು ನಾವಲ್ವಾ ಅಕ್ಕ?" ಎಂದಳು.

ಓಯ್ನಿಸಾ ಎರಡು ಸಲ ಕೆಮ್ಮಿದಳು. ಬಲಗೈಯಿಂದ ಇಲ್ಲದ ಕನ್ನಡಕ ಮೇಲೆ ತಳ್ಳಿದಳು. "ಸುಧಾರಣೆ ಇದೆ. ಆದರೆ ಅವಸರ ಬೇಡ."

ಅದೇ ಗಳಿಗೆಗೆ ಬಾಗಿಲು ತೆರೆಯಿತು. ನಿಜವಾದ ದೊಡ್ಡ ಡಾಕ್ಟರು ತಲೆ ಒಳಗೆ ಹಾಕಿ, ಎರಡು ಸಲ ಕೆಮ್ಮಿ, ಕನ್ನಡಕ ಮೇಲೆ ತಳ್ಳಿ, "ಏನು, ಸುಧಾರಣೆ ಇದೆಯಾ?" ಎಂದರು.

ಮೊದಲು ಗೈರತ್ ನಕ್ಕ, ಹಾಜಿಯವರು ಗಡ್ಡದೊಳಗೆ ನಕ್ಕರು. ಬುರುಲ್ಚಾ ಕೊನೆಗೂ ನಕ್ಕಳು, ಇಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಸೇರಿಸಿ. ಏನೆಂದು ತಿಳಿಯದ ದೊಡ್ಡ ಡಾಕ್ಟರೂ ಮರ್ಯಾದೆಗೆ ಅರ್ಧ ನಕ್ಕರು. ಆದರೆ ಕೆಳಗಿನ ಮಹಡಿಯವರೆಗೆ ಕೇಳಿಸಿದ್ದು, ಬೋನಿಗೆ ಬಿದ್ದ ಓಯ್ನಿಸಾಳ ನಗು. ಅವಳು ಬಲಗೈಯಿಂದ ಮೇಜು ಬಡಿದು ಬಡಿದು ನಗುತ್ತಿದ್ದಳು. ತುಂಬಿದ ಬಟ್ಟಲು ಆಗ ಚೆಲ್ಲಿತು, ಯಾರೂ ಅದನ್ನು ಒರೆಸಲು ಹೋಗಲಿಲ್ಲ.